ಆ ‘ಬಾತ್‌ರೂಮ್ ಕಾನೂನಿನ’ ವಿರುದ್ಧ ಕಂಪನಿಗಳು ತಿರುಗಿಬಿದ್ದದ್ದರಿಂದ ನಿಜಕ್ಕೂ ಏನಾದರೂ ಆಯಿತೇ?

ನೀವು ಕೇಳಿದ್ದು ಇಷ್ಟು: 2016ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ಎಲ್‌ಜಿಬಿಟಿ ಜನರ ಹಕ್ಕು ಮೊಟಕು ಮಾಡುವ ಕಾನೂನು ತಂದಾಗ ದೊಡ್ಡ ದೊಡ್ಡ ಕಂಪನಿಗಳು ಸಿಡಿದೆದ್ದವಂತೆ. ಅದು ಕಾಳಜಿಯೋ, ತೋರಿಕೆಯೋ? ಫಲ ಸಿಕ್ಕಿತೇ? ಈಗೇಕೆ ಯಾರೂ ಉಸಿರೆತ್ತುವುದಿಲ್ಲ?

ನಾನು ಆಗಲೂ ಈಗಲೂ ಇರುವುದು ಕ್ಯಾರಿಯಲ್ಲಿ. ಆ ರಾಜ್ಯದ ರಾಜಧಾನಿ ರಾಲಿಗೆ ಅಂಟಿಕೊಂಡ ಊರು. ಐಟಿ ಕೆಲಸದವರೇ ಜಾಸ್ತಿ, ಅದರಲ್ಲೂ ನಮ್ಮವರು ಎಷ್ಟಿದ್ದಾರೆಂದರೆ ಯುಗಾದಿಗೆ ಬೇವಿನೆಲೆ ಬೇಕಾದರೆ ನಾಲ್ಕು ಮನೆ ಕೇಳಿದರೆ ಸಾಕು, ಯಾರದೋ ಕುಂಡದಲ್ಲಿ ಗಿಡ ಇರುತ್ತದೆ. ಚುಟುಕಾಗಿ ಹೇಳುವುದಾದರೆ, ಫಲ ಸಿಕ್ಕಿತು, ಅರ್ಧ. ಆ ಅರ್ಧವನ್ನೂ ಕೊಡಿಸಿದ್ದು ಕಂಪನಿಗಳಿಗಿಂತ ಹೆಚ್ಚಾಗಿ ಬಾಸ್ಕೆಟ್‌ಬಾಲ್.

ಕಾನೂನು ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಬೆಂಬಲಿಸಿದವರೂ ಬೈದವರೂ ಬರೀ ಬಾತ್‌ರೂಮಿನ ಮಾತಾಡಿಯೇ ಮುಗಿಸಿದರು. ಷಾರ್ಲೆಟ್ ಇಲ್ಲಿನ ಅತಿ ದೊಡ್ಡ ನಗರ, ಬ್ಯಾಂಕುಗಳ ಊರು. ಅಲ್ಲಿನ ನಗರಸಭೆ 2016ರ ಫೆಬ್ರವರಿ 22ರಂದು 7–4 ಮತಗಳಿಂದ ಒಂದು ನಿಯಮ ಪಾಸು ಮಾಡಿತು. ಅಂಗಡಿ, ಹೋಟೆಲು, ಟ್ಯಾಕ್ಸಿಯಂಥ ಕಡೆ ಸಲಿಂಗಿಗಳಿಗಾಗಲಿ ಟ್ರಾನ್ಸ್‌ಜೆಂಡರ್ ಜನರಿಗಾಗಲಿ ತಾರತಮ್ಯ ಮಾಡುವಂತಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿ ತಾನು ಗುರುತಿಸಿಕೊಂಡ ಲಿಂಗದ ಶೌಚಾಲಯ ಬಳಸಬಹುದು. ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅಷ್ಟರೊಳಗೆ, ಮಾರ್ಚ್ 23ರಂದು, ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಕರೆದು ಎಚ್‌ಬಿ2 ಅನ್ನುವ ಮಸೂದೆಯನ್ನು ಒಂದೇ ದಿನದಲ್ಲಿ ದಾಟಿಸಿತು. ಸೆನೆಟ್‌ನಲ್ಲಿ ಡೆಮಾಕ್ರಟರು ಎದ್ದು ಹೊರನಡೆದರು, ಉಳಿದವರು 32–0. ಗವರ್ನರ್ ಪ್ಯಾಟ್ ಮೆಕ್ರೋರಿ ಅದೇ ರಾತ್ರಿ ಸಹಿ ಹಾಕಿದರು. ಷಾರ್ಲೆಟ್‌ನ ಮೇಯರ್ ಆಗಿ 14 ವರ್ಷ ಕಳೆದಿದ್ದವರು ಇದೇ ಮನುಷ್ಯ.

ಎಚ್‌ಬಿ2 ಪ್ರಕಾರ ಸರ್ಕಾರಿ ಕಟ್ಟಡ, ಸರ್ಕಾರಿ ಶಾಲೆ, ವಿಶ್ವವಿದ್ಯಾಲಯ, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣ, ಎಲ್ಲ ಕಡೆ ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಆ ಲಿಂಗದ ಶೌಚಾಲಯಕ್ಕೇ ಹೋಗಬೇಕು. ಈ ಸುದ್ದಿ ಶಿವಮೊಗ್ಗದ ತನಕ ಹೋಗಿ, ಅಮ್ಮ ಫೋನಿನಲ್ಲಿ, ‘ಕಕ್ಕಸಿಗೆ ಹೋಗೋಕೂ ಬರ್ತ್ ಸರ್ಟಿಫಿಕೇಟ್ ತೋರಿಸಬೇಕೇನೇ ನಿಮ್ಮೂರಲ್ಲಿ?’ ಅಂದಿದ್ದರು. ತೋರಿಸಬೇಕಿರಲಿಲ್ಲ. ಯಾರು ನೋಡಬೇಕು, ತಪ್ಪಿದರೆ ದಂಡ ಎಷ್ಟು, ಒಂದೂ ಅದರಲ್ಲಿ ಬರೆದಿರಲಿಲ್ಲ. ಕಾವಲಿಲ್ಲದ ಕಾನೂನು. ಹಾಗಂತ ಕಷ್ಟ ಇರಲಿಲ್ಲ ಅನ್ನಬೇಡಿ. ಆಗ ನಮ್ಮ ತಂಡದಲ್ಲಿ ಒಬ್ಬ ಟ್ರಾನ್ಸ್ ಮಹಿಳೆ ಇದ್ದಳು. ನಮ್ಮದು ಖಾಸಗಿ ಆಫೀಸು, ಅಲ್ಲಿಗೆ ಕಾನೂನು ಮುಟ್ಟುತ್ತಿರಲಿಲ್ಲ. ಆದರೆ ಡ್ರೈವಿಂಗ್ ಲೈಸೆನ್ಸ್ ಕಚೇರಿಗೆ ಹೋಗಬೇಕಾದ ದಿನ ಅವಳು ಬೆಳಿಗ್ಗೆಯಿಂದ ಕಾಫಿ ಮುಟ್ಟುತ್ತಿರಲಿಲ್ಲ. ಪ್ರಮಾಣಪತ್ರ ತಿದ್ದಿಸಿಕೊಳ್ಳೋಣವೆಂದರೆ ಈ ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯ ದಾಖಲೆ ಕೇಳುತ್ತಿದ್ದರು.

ಇನ್ನು ಯಾರೂ ಓದದ ಪುಟಗಳು. ರಾಜ್ಯದ ಯಾವ ಊರೂ ತನ್ನದೇ ತಾರತಮ್ಯ ನಿಷೇಧ ನಿಯಮ ಮಾಡುವಂತಿಲ್ಲ. ಖಾಸಗಿ ಕೆಲಸಕ್ಕೆ ಯಾವ ಊರೂ ತನ್ನದೇ ಕನಿಷ್ಠ ಕೂಲಿ ನಿಗದಿ ಮಾಡುವಂತಿಲ್ಲ. ಬಾತ್‌ರೂಮಿಗೂ ಕೂಲಿಗೂ ಏನು ಸಂಬಂಧ ಅಂತ ಕೇಳಬೇಡಿ, ಗಾಳಿ ಬಂದಾಗ ತೂರಿಕೊಂಡದ್ದು ಅಷ್ಟೆ. ಇನ್ನೂ ಒಂದಿತ್ತು: ಜನಾಂಗ, ಧರ್ಮ, ಬಣ್ಣ, ಹುಟ್ಟಿದ ದೇಶದ ಕಾರಣಕ್ಕೆ ಕೆಲಸದಿಂದ ತೆಗೆದರೆ ರಾಜ್ಯದ ಕೋರ್ಟಿನಲ್ಲಿ ದಾವೆ ಹೂಡುವ ಹಕ್ಕನ್ನೇ ಅದು ಕಿತ್ತುಕೊಂಡಿತ್ತು. ಅಂದರೆ ನನ್ನದೂ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ‘ಇದೆಲ್ಲ ಅವರ ಜಗಳ, ನಮಗ್ಯಾಕೆ’ ಅಂತ ಬರೆದ ಒಬ್ಬರಿಗೂ ಇದು ಗೊತ್ತಿರಲಿಲ್ಲ, ನನಗೂ ಆ ವಾರ ಗೊತ್ತಿರಲಿಲ್ಲ. ಜುಲೈನಲ್ಲಿ ಆ ಹಕ್ಕನ್ನು ವಾಪಸ್ ಕೊಟ್ಟರು, ಮೂರು ವರ್ಷವಿದ್ದ ಗಡುವನ್ನು ಒಂದಕ್ಕೆ ಇಳಿಸಿ.

ಇನ್ನು ಕಂಪನಿಗಳು. ಕಾನೂನು ಬರುವುದಕ್ಕೆ ಐದು ದಿನ ಮೊದಲು, ಮಾರ್ಚ್ 18ರಂದು, ಆನ್‌ಲೈನ್ ಹಣ ಪಾವತಿಯ ಕಂಪನಿ ಪೇಪಾಲ್ ಷಾರ್ಲೆಟ್‌ನಲ್ಲಿ 400 ಜನರ ಕೇಂದ್ರ ತೆರೆಯುತ್ತದೆಂದು ಘೋಷಣೆಯಾಗಿತ್ತು. ಏಪ್ರಿಲ್ 5ಕ್ಕೆ ಅದು ಕೈಬಿಟ್ಟಿತು. ನೂರಕ್ಕೂ ಹೆಚ್ಚು ಕಂಪನಿಗಳ ಮುಖ್ಯಸ್ಥರು ಕಾನೂನು ವಾಪಸ್ ಪಡೆಯಿರಿ ಅಂತ ಗವರ್ನರಿಗೆ ಪತ್ರ ಬರೆದರು. ಸಹಿ ಹಾಕಿದವರಲ್ಲಿ ಷಾರ್ಲೆಟ್‌ನದೇ ಬ್ಯಾಂಕ್ ಆಫ್ ಅಮೆರಿಕದ ಮುಖ್ಯಸ್ಥರೂ ಇದ್ದರು. ಏಪ್ರಿಲ್ 8, ಆ ವರ್ಷದ ಯುಗಾದಿ. ಅವತ್ತೇ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಗ್ರೀನ್ಸ್‌ಬರೋದ ಸಂಗೀತ ಕಾರ್ಯಕ್ರಮ ರದ್ದು ಮಾಡಿದ, ಅದಕ್ಕೆ ಎರಡೇ ದಿನ ಬಾಕಿ ಇತ್ತು. ಒಬ್ಬಟ್ಟಿನ ಹೂರಣ ರುಬ್ಬುತ್ತ ರೇಡಿಯೊದಲ್ಲಿ ಕೇಳಿದ ನೆನಪು. ನಮ್ಮ ಕನ್ನಡ ಮನೆಗಳಲ್ಲಿ ಆತ ಯಾರಿಗೂ ಅಷ್ಟಾಗಿ ಬೇಕಾಗಿರಲಿಲ್ಲ. ಆದರೆ ನಾಲ್ಕು ದಿನ ಕಳೆದು ಡಾಯ್ಚ ಬ್ಯಾಂಕ್ ಕ್ಯಾರಿಯಲ್ಲಿ ಸೇರಿಸಬೇಕಿದ್ದ 250 ಹುದ್ದೆ ತಡೆಹಿಡಿಯಿತು. ಆಗ ವಾಟ್ಸಾಪ್ ಗುಂಪಿನ ದನಿಯೇ ಬೇರೆಯಾಯಿತು. ಎಚ್‌1ಬಿ ಮೇಲೆ ಇದ್ದವರು, ಆ ಹುದ್ದೆಗೆ ಅರ್ಜಿ ಹಾಕಿ ಕಾಯುತ್ತಿದ್ದವರು, ಎಲ್ಲರೂ ಒಂದೇ ವಾರದಲ್ಲಿ ಎಚ್‌ಬಿ2 ತಜ್ಞರಾದರು.

ಕಾಳಜಿಯೋ ತೋರಿಕೆಯೋ ಅನ್ನುವುದಕ್ಕೆ ನನ್ನ ಉತ್ತರ ಇಲ್ಲಿದೆ. ಪೇಪಾಲ್ ಹಿಂದೆ ಸರಿದಾಗ ಕಾನೂನಿನ ಪರ ಇದ್ದವರು ಕೇಳಿದರು: ಸಲಿಂಗ ಸಂಬಂಧವನ್ನೇ ಅಪರಾಧ ಅನ್ನುವ ದೇಶಗಳಲ್ಲಿ ನೀವು ವ್ಯಾಪಾರ ಮಾಡುತ್ತಿಲ್ಲವೇ? ಪ್ರಶ್ನೆ ಕುಹಕದ್ದು, ಸುಳ್ಳಲ್ಲ. ಆಗ ನಮ್ಮ ದೇಶದಲ್ಲೇ ದಂಡ ಸಂಹಿತೆಯ 377ನೇ ಕಲಂ ಜೀವಂತ ಇತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು, ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಆ ಐದು ವರ್ಷ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಅಮೆರಿಕದ ಕಂಪನಿಗಳ ಗಾಜಿನ ಕಟ್ಟಡ ಏಳುವುದು ನಿಂತಿತೇ? ನಿಲ್ಲಲಿಲ್ಲ. ಷಾರ್ಲೆಟ್‌ನಲ್ಲಿ ಪೇಪಾಲ್ ಕೇಂದ್ರ ಇನ್ನೂ ತೆರೆದೇ ಇರಲಿಲ್ಲ, ಬಿಡುವುದು ಸುಲಭವಿತ್ತು. ಅಮೆರಿಕದಲ್ಲಿ ಎಳೆಯ ಎಂಜಿನಿಯರುಗಳನ್ನು ಸೆಳೆಯಬೇಕು, ಇರುವವರು ಒಳಗಿನಿಂದ ಪ್ರಶ್ನೆ ಕೇಳುತ್ತಿದ್ದರು. ಹಾಗಂತ ಪೂರಾ ನಾಟಕ ಅನ್ನಲಾರೆ. ನನ್ನ ಆ ಸಹೋದ್ಯೋಗಿಗೆ ಪೇಪಾಲ್‌ನ ಒಳಮನಸ್ಸು ಬೇಕಾಗಿರಲಿಲ್ಲ, 400 ಕೆಲಸ ಹೋಯಿತು ಅನ್ನುವ ಸಂಖ್ಯೆ ಬೇಕಾಗಿತ್ತು. ಅದು ಮೇಜಿನ ಮೇಲೆ ಬಿದ್ದ ಮೇಲೆಯೇ ಶಾಸಕರು ಅವಳಂಥವರ ಬಗ್ಗೆ ಮಾತಾಡತೊಡಗಿದ್ದು.

ಆದರೂ ಕಾನೂನು ಅಲುಗಲಿಲ್ಲ. ರಾಜ್ಯದ ವಾರ್ಷಿಕ ಉತ್ಪನ್ನ ಆಗ ಸುಮಾರು 500 ಶತಕೋಟಿ ಡಾಲರ್ ಇತ್ತು. ಅಸೋಸಿಯೇಟೆಡ್ ಪ್ರೆಸ್ 2017ರ ಮಾರ್ಚಿನಲ್ಲಿ ಲೆಕ್ಕ ಹಾಕಿದಾಗ ನಷ್ಟ 12 ವರ್ಷಗಳಲ್ಲಿ 3.76 ಶತಕೋಟಿ ಡಾಲರ್ ಅಂತ ಬಂತು. ದೊಡ್ಡ ಮೊತ್ತವೇ, ಆದರೆ ಅಷ್ಟು ದೊಡ್ಡ ಹಂಡೆಯಿಂದ ವರ್ಷಕ್ಕೊಂದು ಲೋಟ ತೆಗೆದರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗಿದ್ದು ಆಟ ಹೋದಾಗ. ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್, ಮೂರು ವಿಶ್ವವಿದ್ಯಾಲಯಗಳೂ ನಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ. ಅಣ್ಣ ಡ್ಯೂಕ್ ಅಭಿಮಾನಿ, ತಮ್ಮ ಚಾಪೆಲ್ ಹಿಲ್ ಅಭಿಮಾನಿ ಆಗಿಬಿಟ್ಟರೆ ಮಾರ್ಚ್ ತಿಂಗಳಲ್ಲಿ ಆ ಮನೆಯಲ್ಲಿ ಒಟ್ಟಿಗೆ ಊಟವಿಲ್ಲ. ಜುಲೈ 21ಕ್ಕೆ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ 2017ರ ಆಲ್‌ಸ್ಟಾರ್ ಪಂದ್ಯವನ್ನು ಷಾರ್ಲೆಟ್‌ನಿಂದ ಬೇರೆ ಕಡೆ ಒಯ್ಯುವುದಾಗಿ ಹೇಳಿತು, ಆಮೇಲೆ ನ್ಯೂ ಆರ್ಲಿಯನ್ಸ್ ಆರಿಸಿತು. ಸೆಪ್ಟೆಂಬರ್ 12ಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಏಳು ಚಾಂಪಿಯನ್‌ಷಿಪ್‌ಗಳನ್ನು ರಾಜ್ಯದಿಂದ ಎತ್ತಂಗಡಿ ಮಾಡಿತು. ಗ್ರೀನ್ಸ್‌ಬರೋದಲ್ಲಿ ಆಗಬೇಕಿದ್ದ 2017ರ ಪಂದ್ಯಗಳು ಹೋದದ್ದು ಪಕ್ಕದ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ಗೆ. ಇಲ್ಲೊಂದು ತಮಾಷೆ ಇದೆ. ಶಾಸನಸಭೆಯ ಅಂಗಳದಲ್ಲಿ ಕಾನ್ಫೆಡರೇಟ್ ಬಾವುಟ, ಅಂದರೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ರಾಜ್ಯಗಳ ಬಾವುಟ, ಹಾರಿಸುತ್ತಿದ್ದ ಕಾರಣಕ್ಕೆ ಇದೇ ಎನ್‌ಸಿಎಎ ಸೌತ್ ಕೆರೊಲಿನಾವನ್ನು ವರ್ಷಾನುಗಟ್ಟಲೆ ದೂರ ಇಟ್ಟಿತ್ತು. 2015ರಲ್ಲಿ ಬಾವುಟ ಇಳಿಯಿತು, ಬಾಗಿಲು ತೆರೆಯಿತು, ನಮ್ಮ ಪಂದ್ಯ ಅಲ್ಲಿಗೆ ಹೋಯಿತು. ಡ್ಯೂಕ್ ತಂಡ ಸೋತದ್ದೂ ಅಲ್ಲೇ, ಸೌತ್ ಕೆರೊಲಿನಾ ತಂಡದ ಎದುರಿಗೇ, ಅವರ ಜನರ ಕೂಗಾಟದ ನಡುವೆ. ಎಚ್‌ಬಿ2 ಸರಿ ಅನ್ನುತ್ತಿದ್ದ ಪಕ್ಕದ ಮನೆಯ ಅಜ್ಜ ಮಾರನೆಯ ದಿನ ಅಂಚೆ ಡಬ್ಬಿಯ ಹತ್ತಿರ ಸಿಕ್ಕಾಗ ಶಾಸಕರಿಗೆ ಹಿಡಿಶಾಪ ಹಾಕಿದರು.

ನಡುವೆ ಚುನಾವಣೆ ಬಂದಿತ್ತು. ನವೆಂಬರಿನಲ್ಲಿ ಇಲ್ಲಿ ಟ್ರಂಪ್ ಗೆದ್ದರು, ಅದೇ ದಿನ ಅವರದೇ ಪಕ್ಷದ ಮೆಕ್ರೋರಿ ಸೋತರು. 47 ಲಕ್ಷ ಮತಗಳಲ್ಲಿ ಅಂತರ ಸುಮಾರು 10 ಸಾವಿರ. ಗೆದ್ದ ರಾಯ್ ಕೂಪರ್ ಅಲ್ಲಿಯತನಕ ರಾಜ್ಯದ ಅಟಾರ್ನಿ ಜನರಲ್, ಕೋರ್ಟಿನಲ್ಲಿ ಈ ಕಾನೂನನ್ನು ಸಮರ್ಥಿಸುವುದಿಲ್ಲ ಅಂತ ಕೈ ಎತ್ತಿದ್ದವರು. ಎಲ್ಲರೂ ಎಚ್‌ಬಿ2 ಸೋಲಿಸಿತು ಅಂದರು. ಇರಬಹುದು. ಆದರೆ ಷಾರ್ಲೆಟ್‌ನ ಉತ್ತರಕ್ಕೆ ಐ-77 ಹೆದ್ದಾರಿಯ ಟೋಲ್ ರಸ್ತೆಯ ಮೇಲಿನ ಸಿಟ್ಟು ಎಷ್ಟು ವೋಟು ಕಿತ್ತಿತು ಅನ್ನುವುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕೊನೆಗೆ ಎನ್‌ಸಿಎಎ ಒಂದು ಗಡುವು ಇಟ್ಟಿತು. 2022ರ ತನಕದ ಪಂದ್ಯಗಳ ಜಾಗ ನಿಗದಿ ಮಾಡುವ ಹೊತ್ತು. ಅಷ್ಟರೊಳಗೆ ಏನೂ ಬದಲಾಗದಿದ್ದರೆ ಐದು ವರ್ಷ ಈ ರಾಜ್ಯಕ್ಕೆ ಒಂದು ಪಂದ್ಯವೂ ಇಲ್ಲ. ಪೇಪಾಲ್‌ನಿಂದ ಆಗದ್ದು ಈ ಗಡುವಿನಿಂದ ಆಯಿತು. 2017ರ ಮಾರ್ಚ್ 30ರಂದು ಎಚ್‌ಬಿ2 ರದ್ದಾಯಿತು, ಬದಲಿಗೆ ಎಚ್‌ಬಿ142 ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದು. ಪ್ರಮಾಣಪತ್ರದ ಷರತ್ತು ಹೋಯಿತು. ಆದರೆ ಶೌಚಾಲಯದ ನಿಯಮ ಮಾಡುವ ಅಧಿಕಾರ ರಾಜ್ಯದ್ದೇ, ಮತ್ತು 2020ರ ಡಿಸೆಂಬರ್ 1ರ ತನಕ ಯಾವ ಊರೂ ಹೊಸ ತಾರತಮ್ಯ ನಿಷೇಧ ನಿಯಮ ಮಾಡಕೂಡದು. ಜಗಳ ಶುರುವಾಗಿದ್ದೇ ಷಾರ್ಲೆಟ್‌ನ ಆ ನಿಯಮದಿಂದ, ಅದೇ ಬರಲಿಲ್ಲ. ಎಲ್‌ಜಿಬಿಟಿ ಸಂಘಟನೆಗಳು ಇದನ್ನು ಪಾಸು ಮಾಡಬೇಡಿ ಅಂತ ಕೇಳಿಕೊಂಡಿದ್ದವು. ಎನ್‌ಸಿಎಎ ಮನಸ್ಸಿಲ್ಲದ ಮನಸ್ಸಿನಿಂದ ಅಂತ ಹೇಳಿಕೊಂಡೇ ಐದು ದಿನದಲ್ಲಿ ವಾಪಸ್ ಬಂತು. 2019ರಲ್ಲಿ ಎನ್‌ಬಿಎ ಆಲ್‌ಸ್ಟಾರ್ ಪಂದ್ಯವೂ ಷಾರ್ಲೆಟ್‌ಗೆ ಬಂತು. ಆಫೀಸಿನಲ್ಲಿ ಕೇಕ್ ಕತ್ತರಿಸಿದಾಗ ನನ್ನ ಸಹೋದ್ಯೋಗಿ ಒಂದು ತುಂಡು ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು. ಆಟ ವಾಪಸ್ ಬಂದಿತ್ತು, ಅವಳ ಊರಿನ ನಗರಸಭೆಯ ಬಾಯಿಗೆ ಹಾಕಿದ ಬೀಗ ಹಾಗೇ ಇತ್ತು. ಬೀಗದ ಅವಧಿ ಮುಗಿದದ್ದೇ ತಡ, 2021ರ ಜನವರಿಯಲ್ಲಿ ಹಿಲ್ಸ್‌ಬರೋ ಅನ್ನುವ ಪುಟ್ಟ ಊರು ಮೊದಲು ನಿಯಮ ತಂದಿತು, ಹಿಂದೆಯೇ ಕಾರ್‌ಬರೋ, ಡರ್ಹಮ್. ಷಾರ್ಲೆಟ್ ಆಗಸ್ಟಿನಲ್ಲಿ.

ಈಗೇಕೆ ಸದ್ದಿಲ್ಲ ಅನ್ನುವುದಕ್ಕೆ ಫ್ಲೋರಿಡಾ ನೋಡಿ. 2022ರಲ್ಲಿ ಅಲ್ಲಿ, ಶಾಲೆಯ ಕೆಳಗಿನ ತರಗತಿಗಳಲ್ಲಿ ಲೈಂಗಿಕತೆ, ಲಿಂಗ ಗುರುತಿನ ಪಾಠ ನಿಷೇಧಿಸುವ ಕಾನೂನು ಬಂತು. ಡಿಸ್ನಿ ಮೊದಲು ಸುಮ್ಮನಿತ್ತು, ನೌಕರರು ಸಿಟ್ಟಾದ ಮೇಲೆ ವಿರೋಧಿಸಿತು. ಗವರ್ನರ್ ಡಿಸ್ಯಾಂಟಿಸ್ ಹೆದರಲಿಲ್ಲ. ಡಿಸ್ನಿ ವರ್ಲ್ಡ್ ಇರುವ ಜಾಗದ ಸ್ಥಳೀಯ ಆಡಳಿತ ನೋಡಿಕೊಳ್ಳುವ, 1967ರಿಂದ ಡಿಸ್ನಿಯ ಕೈಯಲ್ಲಿದ್ದ ರೀಡಿ ಕ್ರೀಕ್ ವಿಶೇಷ ಜಿಲ್ಲೆಯ ಹಿಡಿತವನ್ನೇ ಕಿತ್ತುಕೊಂಡರು. 2016ರಲ್ಲಿ ಕಂಪನಿ ಬೆದರಿಸುತ್ತಿತ್ತು, ಈಗ ಸರ್ಕಾರ ಬೆದರಿಸುತ್ತದೆ. ಮರುವರ್ಷ, ಟ್ರಾನ್ಸ್ ಮಹಿಳೆಯೊಬ್ಬಳ ಜೊತೆ ಪ್ರಚಾರ ಮಾಡಿದ್ದಕ್ಕೆ ಬಡ್ ಲೈಟ್ ಬಿಯರಿಗೆ ಗ್ರಾಹಕರೇ ಬಿಸಿ ಮುಟ್ಟಿಸಿದರು. ಜೊತೆಗೆ ಇಂಥ ಕಾನೂನು ಒಂದು ರಾಜ್ಯದಲ್ಲಿದ್ದರೆ ಬಹಿಷ್ಕರಿಸಬಹುದು, ಇಪ್ಪತ್ತು ರಾಜ್ಯಗಳಲ್ಲಿದ್ದರೆ? ಇಂಥ ರಾಜ್ಯಗಳಿಗೆ ಸರ್ಕಾರಿ ಖರ್ಚಿನಲ್ಲಿ ಪ್ರಯಾಣ ಬೇಡ ಅಂದಿದ್ದ ಕ್ಯಾಲಿಫೋರ್ನಿಯಾ ಕೂಡ, ಪಟ್ಟಿ ಉದ್ದವಾಗುತ್ತ ಹೋಗಿ, 2023ರಲ್ಲಿ ಆ ನಿಷೇಧವನ್ನೇ ಕೈಬಿಟ್ಟಿತು.

ನಮ್ಮಲ್ಲೂ ಅದೇ. 2023ರ ಆಗಸ್ಟ್ 16ರಂದು ಕೂಪರ್ ಅವರ ವೀಟೊ ಮೀರಿ ಶಾಸನಸಭೆ ಒಂದೇ ದಿನ ಮೂರು ಕಾನೂನು ಪಾಸು ಮಾಡಿತು. ಟ್ರಾನ್ಸ್ ಮಕ್ಕಳ ಲಿಂಗ ಬದಲಾವಣೆಯ ಚಿಕಿತ್ಸೆ ತಡೆಯುವುದಕ್ಕೆ ಒಂದು, ಹೆಣ್ಣುಮಕ್ಕಳ ತಂಡದಲ್ಲಿ ಟ್ರಾನ್ಸ್ ಹುಡುಗಿಯರು ಆಡುವುದನ್ನು ತಡೆಯುವುದಕ್ಕೆ ಒಂದು, ಶಾಲೆಯಲ್ಲಿ ಏನು ಕಲಿಸಬಾರದು, ಹೆಸರು ಬದಲಿಸಿಕೊಂಡರೆ ಮನೆಗೆ ಹೇಗೆ ತಿಳಿಸಬೇಕು ಅನ್ನುವುದಕ್ಕೆ ಒಂದು. ಎಚ್‌ಬಿ2ಗಿಂತ ಇವುಗಳ ಪೆಟ್ಟು ನೇರ. ಒಂದು ಪಂದ್ಯವೂ ಊರು ಬಿಟ್ಟು ಹೋಗಲಿಲ್ಲ. ವ್ಯಾಪಾರ ಸುದ್ದಿಯ ಟಿವಿ ವಾಹಿನಿ ಸಿಎನ್‌ಬಿಸಿ ಆ ವರ್ಷ ವ್ಯಾಪಾರಕ್ಕೆ ಅತ್ಯುತ್ತಮ ರಾಜ್ಯ ಅಂತ ಆರಿಸಿದ್ದು ನಾರ್ತ್ ಕೆರೊಲಿನಾವನ್ನೇ.

ಟೆಕ್ಸಸ್ ಬಗ್ಗೆಯೂ ಕೆಲವರು ಕೇಳುತ್ತಿರುತ್ತಾರೆ. ಅಲ್ಲಿ 2017ರಲ್ಲಿ ಇದೇ ಥರದ ಮಸೂದೆ ಬಂದಾಗ ಉದ್ಯಮಿಗಳು ನಾರ್ತ್ ಕೆರೊಲಿನಾದ ಲೆಕ್ಕ ಹಿಡಿದುಕೊಂಡು ರಾಜಧಾನಿ ಆಸ್ಟಿನ್‌ಗೆ ಹೋದರು. ರಿಪಬ್ಲಿಕನ್ ಸ್ಪೀಕರ್ ಜೋ ಸ್ಟ್ರಾಸ್ ಅದನ್ನು ಸದನದ ಮತಕ್ಕೇ ತರಲಿಲ್ಲ. 2025ರಲ್ಲಿ ಅದೇ ರಾಜ್ಯ ಬಾತ್‌ರೂಮ್ ಕಾನೂನು ಪಾಸು ಮಾಡಿತು, ಈ ಸಲ ಸರ್ಕಾರಿ ಸಂಸ್ಥೆಗಳಿಗೆ ದಂಡದ ಮೊತ್ತವನ್ನೂ ಬರೆದು: ಮೊದಲ ತಪ್ಪಿಗೆ 25,000 ಡಾಲರ್.