ಕವರಿನೊಳಗಿನ ವಾಚುಗಳು ಯಾರವು?

ಪ್ರಶ್ನೆ: ನನಗೆ 58 ವರ್ಷ. ನಮ್ಮ ಮನೆಯವರು ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ 34 ವರ್ಷ ವಾಚ್ ರಿಪೇರಿ ಅಂಗಡಿ ನಡೆಸಿದರು. ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಅಂಗಡಿ ಬಾಡಿಗೆಯದು, ಮಾಲೀಕರು ಖಾಲಿ ಮಾಡಿ ಅನ್ನುತ್ತಿದ್ದಾರೆ. ಡ್ರಾಯರಿನಲ್ಲಿ ಪುಟ್ಟ ಕಾಗದದ ಕವರುಗಳಲ್ಲಿ ಜನ ರಿಪೇರಿಗೆ ಕೊಟ್ಟ ನೂರಕ್ಕೂ ಜಾಸ್ತಿ ವಾಚುಗಳಿವೆ. ಕೆಲವಕ್ಕೆ ಫೋನ್ ನಂಬರ್ ಇದೆ, ಕೆಲವಕ್ಕೆ ಬರೀ ಹೆಸರು. ಒಂದರ ಮೇಲೆ 'ಆಲೂರು ಮೇಷ್ಟ್ರು' ಅಂತಷ್ಟೇ ಇದೆ. ಬೆಂಗಳೂರಿನವರೊಬ್ಬರು ಹಳೇ ಎಚ್‌ಎಂಟಿ ವಾಚುಗಳಿಗಾಗಿ ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತಾರಂತೆ. ಮಗ ಕೊಟ್ಟುಬಿಡೋಣ ಅನ್ನುತ್ತಾನೆ. ಮಗಳಿಗೆ ವರ್ಷದ ತಿಥಿಗೆ ಪೇಪರಿನಲ್ಲಿ ಅಪ್ಪನ ಫೋಟೋ ಹಾಕಿಸುವ ಆಸೆ. ನನಗೆ ಅಂಗಡಿಯ ಬೀಗ ತೆಗೆಯಲೂ ಕೈ ಬರುವುದಿಲ್ಲ. ಅವರ ವಾಚಿಗೆ ಮಾತ್ರ ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಇದು ಹುಚ್ಚಾ?

ಉತ್ತರ: ಅಕ್ಕಾ, ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹುಚ್ಚಲ್ಲ. ಕೀ ಕೊಡುವ ವಾಚು ಸುಮ್ನೆ ಇಟ್ಟರೆ ಒಳಗಿನ ಎಣ್ಣೆ ಒಣಗುತ್ತದೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾರಾದರೂ ಕೇಳಿದರೆ ಅಷ್ಟು ಹೇಳಿ ಸಾಕು. ಉಳಿದದ್ದು ನಿಮಗೂ ಅವರಿಗೂ ಬಿಟ್ಟಿದ್ದು.

ಇನ್ನು ಡ್ರಾಯರಿನ ವಿಷಯ. ಕವರಿನಲ್ಲಿರುವ ವಾಚುಗಳು ನಿಮ್ಮ ಮನೆಯವರವಲ್ಲ, ಹಾಗಾಗಿ ನಿಮ್ಮವೂ ಅಲ್ಲ. 1872ರ ಕರಾರು ಕಾಯಿದೆಯೇ ಇದನ್ನು ಹೇಳುತ್ತದೆ. ರಿಪೇರಿ ಮಾಡಿದವರು ಕೂಲಿ ಬರುವ ತನಕ ವಸ್ತುವನ್ನು ತಮ್ಮ ಹತ್ತಿರ ಇಟ್ಟುಕೊಳ್ಳಬಹುದು. ಅಷ್ಟರಿಂದಲೇ ಅದನ್ನು ಮಾರುವ ಹಕ್ಕು ಬರುವುದಿಲ್ಲ. ಮಗನಿಗೆ ಇದನ್ನು ಜಗಳವಿಲ್ಲದೆ ಹೇಳಿ. ಅವನು ದುಡ್ಡಿಗೆ ಬಿದ್ದಿದ್ದಾನೆ ಅಂತ ನನಗೆ ಅನ್ನಿಸುತ್ತಿಲ್ಲ. ಆ ಡ್ರಾಯರು ಕಣ್ಣಿಂದ ಮರೆಯಾದರೆ ಸಾಕಾಗಿದೆ ಅವನಿಗೆ. ನಿಮಗೆ ಬೀಗ ತೆಗೆಯಲು ಆಗದ ಹಾಗೆ, ಅವನಿಗೆ ಅದನ್ನು ನೋಡಲು ಆಗುತ್ತಿಲ್ಲ.

ಅಂಗಡಿಯಲ್ಲಿ ಕವರಿಲ್ಲದ ವಾಚುಗಳೂ ಇರಲೇಬೇಕು. ಬಿಡಿಭಾಗಕ್ಕೆ ಅಂತ ಅವರೇ ಕೊಂಡು ಇಟ್ಟವು. ಅವನ್ನು ಧಾರಾಳವಾಗಿ ಮಾರಿ, ಪಾಪವೇನಿಲ್ಲ. ಆದರೆ ಒಟ್ಟಿಗೆ ತೂಕಕ್ಕೆ ಹಾಕಿದಂತೆ ಕೊಡಬೇಡಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. 2016ರಲ್ಲಿ ಆ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಂಪನಿಯೇ ಮುಚ್ಚಿತು ಅಂದಮೇಲೆ ಅದರ ಹಳೇ ಮಾದರಿಗಳಾದ ಜನತಾ, ಪೈಲಟ್‌ಗಳನ್ನು ಹುಡುಕುವವರು ಹುಟ್ಟಿಕೊಂಡಿದ್ದಾರೆ. ಡಯಲ್‌ಗೆ ಮತ್ತೆ ಬಣ್ಣ ಹೊಡೆದವೇ ಪೇಟೆಯಲ್ಲಿ ಓಡಾಡುತ್ತಿರುವುದರಿಂದ ಮೂಲ ಡಯಲ್‌ನ ವಾಚಿಗೆ ಬೆಲೆ ಬೇರೆ. ಹಾಸನದಲ್ಲೇ ಇರುವ ಇನ್ನೊಬ್ಬ ರಿಪೇರಿಯವರನ್ನು ಕೂರಿಸಿಕೊಂಡು ಒಂದೊಂದಾಗಿ ಬೆಲೆ ಕಟ್ಟಿಸಿ. ಕೂಲಿಯ ಬದಲು ಅವರಿಗೆ ಚಿಮುಟ, ಸ್ಕ್ರೂಡ್ರೈವರ್ ಕೊಡಿ, ಖುಷಿಪಡುತ್ತಾರೆ. ನಿಮ್ಮ ಮನೆಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆ ಭೂತಗನ್ನಡಿಯನ್ನು ಮಾತ್ರ ಕೊಡಬೇಡಿ. ಆಮೇಲೆ ಹುಡುಕುತ್ತೀರಿ.

ಜನ ಯಾಕೆ ವಾಪಸ್ ಬರಲಿಲ್ಲ ಅಂತ ನಿಮಗೆ ಬೇಜಾರಿರಬಹುದು. ನಾನೂ ಅಂಥವಳೇ. ಅಮ್ಮನ ವಾಚನ್ನು ಒಂದು ಅಂಗಡಿಗೆ ಕೊಟ್ಟೆ. ಮುಂದಿನ ವಾರ ಹೋಗೋಣ ಅಂದುಕೊಂಡೆ. ವರ್ಗಾವಣೆ ಆಯಿತು, ವರ್ಷಗಳು ಉರುಳಿದವು, ಆಮೇಲೆ ಹೋಗಲು ನಾಚಿಕೆ. ಕೊನೆಗೆ ಹೋದಾಗ ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಅಲ್ಲಿಂದ ಯಾರಾದರೂ ನನಗೊಂದು ಫೋನ್ ಮಾಡಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಆ ಫೋನ್ ನೀವು ಮಾಡಿ. ಅಂಗಡಿಯ ಮಾಲೀಕರ ಹತ್ತಿರ ದೀಪಾವಳಿ ಮುಗಿಯುವವರೆಗೆ ಟೈಮ್ ಕೇಳಿ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದಾಗ ಊರು ಬಿಟ್ಟು ಹೋದವರೆಲ್ಲ ವಾಪಸ್ ಬರುತ್ತಾರೆ, ಅಲ್ವಾ? ಸಕಲೇಶಪುರ, ಅರಕಲಗೂಡು, ಚನ್ನರಾಯಪಟ್ಟಣದವರೂ ಆಗ ಪೇಟೆಯಲ್ಲೇ ಇರುತ್ತಾರೆ. ಆ ದಿನಗಳಲ್ಲಿ ಶಟರ್ ಅರ್ಧ ತೆಗೆದು ಕೂತರೂ ಸಾಕು. ಒಬ್ಬರೇ ಬೇಡ, ಮಗನಿಗೆ ನಾಲ್ಕು ದಿನ ರಜೆ ಹಾಕಲು ಹೇಳಿ. ನಂಬರ್ ಇರುವವರಿಗೆ ಅವನು ಫೋನ್ ಮಾಡಲಿ. ರಿಪೇರಿ ಆಗಿದ್ದರೆ ಕವರಿನ ಮೇಲೆ ಬರೆದಷ್ಟು ದುಡ್ಡು ತೆಗೆದುಕೊಳ್ಳಿ. ಬೇಡ ಅನ್ನಬೇಡಿ, ಅದು ನಿಮ್ಮ ಮನೆಯವರು ದುಡಿದದ್ದು. ಆಗದಿದ್ದರೆ ಹಾಗೇ ಕೊಡಿ. ಕೊಟ್ಟದ್ದಕ್ಕೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಳ್ಳಿ.

ಬಂದವರು ಮಾತಾಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ವಾಚು ಸರಿಮಾಡಿ ಕೊಟ್ಟದ್ದು, ಬೆಲ್ಟ್‌ಗೆ ದುಡ್ಡು ತೆಗೆದುಕೊಳ್ಳದೇ ಇದ್ದದ್ದು. ಬೈಯುವವರೂ ಒಬ್ಬಿಬ್ಬರು ಇರುತ್ತಾರೆ, ಮೂರು ಸಲ ಅಲೆಸಿದರು ಅಂತ. ಅದನ್ನೂ ಕೇಳಿಸಿಕೊಳ್ಳಿ. ಮನೆಯಲ್ಲಿ ಕಂಡ ಅಪ್ಪನನ್ನು ಬಿಟ್ಟರೆ ಮಗನಿಗೆ ಇನ್ನೊಬ್ಬ ಅಪ್ಪ ಗೊತ್ತಿಲ್ಲ. ಕೌಂಟರಿನ ಹಿಂದೆ ಕೂತವರನ್ನು ಅವನು ಈಗ ನೋಡಲಿ.

ಮಗಳ ಆಸೆಯೂ ನಡೆಯಲಿ. ಆದರೆ ತಿಥಿಯವರೆಗೆ ಕಾಯಬೇಡಿ, ಹಾಸನಾಂಬೆಯ ಬಾಗಿಲು ತೆಗೆಯುವ ವಾರವೇ ಫೋಟೋ ಹಾಕಿಸಿ. 'ನಮ್ಮನ್ನಗಲಿ' ಅಂತ ಶುರುವಾಗುವ ಆ ಸಾಲುಗಳು ಎಲ್ಲರ ಫೋಟೋ ಕೆಳಗೂ ಇರುತ್ತವೆ. ಇವರ ಫೋಟೋ ಕೆಳಗೆ ಬೇರೆ ಬರೆಸಿ: 'ಇವರ ಹತ್ತಿರ ವಾಚು ಬಿಟ್ಟವರು ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.' ಅಂಗಡಿಯ ಗುರುತು, ದಿನಾಂಕ ಹಾಕಿ. ಆ ಮುಖ ನೋಡಿದ ಕೂಡಲೇ ಎಷ್ಟೋ ಜನ ತಮ್ಮ ಬೀರು ತಡಕಾಡುತ್ತಾರೆ, ಚೀಟಿ ಎಲ್ಲಿಟ್ಟೆ ಅಂತ.

ಎಲ್ಲ ಆದಮೇಲೂ ಕೆಲವು ಉಳಿಯುತ್ತವೆ. ಅವನ್ನು ಮನೆಗೆ ತನ್ನಿ, ಒಂದು ಡಬ್ಬದಲ್ಲಿ ಇಡಿ. ನಿಮ್ಮ ಫೋನ್ ನಂಬರನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟು ಬನ್ನಿ.

ಆಲೂರು ಮೇಷ್ಟ್ರ ಕವರನ್ನು ಮಾತ್ರ ಡಬ್ಬಕ್ಕೆ ಹಾಕಬೇಡಿ. ಆಲೂರೇನು ದೂರವಾ? ಒಂದು ಬೆಳಿಗ್ಗೆ ಮಗನ ಜೊತೆ ಬಸ್ಸು ಹತ್ತಿ. ಅಲ್ಲಿನ ಯಾವುದಾದರೂ ಹಳೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಹಾಸನಕ್ಕೆ ವಾಚು ಕೊಟ್ಟಿದ್ದ ಮೇಷ್ಟ್ರು ಯಾರು ಅಂತ ಕೇಳಿ.