ಹಾಸನ–ಚಿಕ್ಕಮಗಳೂರು ಕಡೆ ನದಿ, ಬೆಟ್ಟ, ಕಡಲು ಮೂರೂ ಸಿಗುವ ಚಾರಣ ಇದೆಯಾ?

ಕಡಲು ಸಿಗೋದಿಲ್ಲ. ಎರಡೂ ಜಿಲ್ಲೆಗೆ ಕರಾವಳಿಯೇ ಇಲ್ಲ ಅಲ್ವಾ. ಆದರೆ ಕಡಲಿಗೆ ಹೋಗುವ ನೀರು ಹುಟ್ಟುವುದು ಇಲ್ಲೇ.

ನನ್ನ ಮೊದಲ ಆಯ್ಕೆ ಕುದುರೆಮುಖ. ಎತ್ತರ ಸುಮಾರು 1,890 ಮೀಟರ್. ಬುಡದ ಮುಳ್ಳೋಡಿ ಹಳ್ಳಿಯಿಂದ ಹೋಗಿ ಬರಲು ಹೆಚ್ಚೂಕಡಿಮೆ 20 ಕಿ.ಮೀ. ನಡಿಗೆ, ಪೂರ್ತಿ ಒಂದು ದಿನ ಬೇಕು. ದಾರಿಯಲ್ಲಿ ಹಳ್ಳ ದಾಟಬೇಕು, ಶೋಲಾ ಕಾಡು (ಗುಡ್ಡಗಳ ನಡುವಿನ ಕಣಿವೆಯ ದಟ್ಟ ಕಾಡು) ಹೊಗಬೇಕು, ಆಮೇಲೆ ಬೋಳು ಹುಲ್ಲುಗುಡ್ಡ. ತುದಿಯಲ್ಲಿ ಮೋಡವಿಲ್ಲದಿದ್ದರೆ ಘಟ್ಟ ಕರಾವಳಿಯ ಕಡೆಗೆ ಇಳಿಯುವುದು ಕಾಣುತ್ತದೆ. ಇದೇ ಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ತುಂಗಾ, ಭದ್ರಾ ಕೂಡಲಿಯಲ್ಲಿ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಮಾತ್ರ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತಾಳೆ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಮಳೆಗಾಲದಲ್ಲಿ ಇಂಬಳದ ಕಾಟ ಜಾಸ್ತಿ. ಉಪ್ಪು, ಉದ್ದನೆಯ ಕಾಲುಚೀಲ ಇರಲಿ.

ಇಷ್ಟು ನಡೆಯೋಕೆ ಆಗಲ್ಲ ಅಂದ್ರೆ ಮುಳ್ಳಯ್ಯನಗಿರಿ ಇದೆ. ಸುಮಾರು 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರ. ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತಿದರೆ ನಡೆದ ಖುಷಿ ಸಿಗುತ್ತದೆ. ವಾರಾಂತ್ಯದಲ್ಲಿ ಮಾತ್ರ ಬೇಡ, ಸುಮ್ನೆ ಕಾರುಗಳ ಸಾಲು ನೋಡಬೇಕಾಗುತ್ತದೆ.

ಹಾಸನ ಜಿಲ್ಲೆಯಲ್ಲಾದರೆ ಸಕಲೇಶಪುರ ತಾಲ್ಲೂಕಿನ ಬಿಸಿಲೆ. ಅಲ್ಲಿನ ವೀಕ್ಷಣಾ ತಾಣದಿಂದ ಕುಮಾರಪರ್ವತದ ಸಾಲು ಎದುರಿಗೇ ಕಾಣುತ್ತದೆ. ಹತ್ತಿರದಲ್ಲೇ ನೀರು ಎರಡು ದಿಕ್ಕಿಗೆ ಕವಲೊಡೆಯುವ ಏಣೂ ಇದೆ: ಒಂದು ಕಡೆ ಬಿದ್ದ ಮಳೆ ಕಾವೇರಿಗೆ, ಇನ್ನೊಂದು ಕಡೆಯದು ಕುಮಾರಧಾರೆಗೆ.