ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ತಾವೇ ನನ್ನ ಮೆಂಟರ್ ಆಗುತ್ತೇನೆ ಅಂದಿದ್ದಾರೆ. ಒಪ್ಪಿಕೊಳ್ಳಲೇ, ಅಥವಾ ವಿಭಾಗದ ಇನ್ನೊಬ್ಬ ಹಿರಿಯ ಪ್ರೊಫೆಸರನ್ನು ಕೇಳಲೇ?

ಅಸಿಸ್ಟೆಂಟ್ ಪ್ರೊಫೆಸರ್ ಆಗಿ ನಿಮ್ಮದು ಮೊದಲ ವರ್ಷ. ನನಗೂ ಆ ವರ್ಷ ಎಚ್‌ಒಡಿಯೇ ಮೆಂಟರ್ ಆಗಿದ್ದರು. ಅವರು ಒಳ್ಳೆಯವರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದಾಗ ಅವರ ಮೇಲೆ ದೂರು ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಾರದು. ಹೊಸಬರ ಮೇಲೆ ಎಲ್ಲ ಕೆಲಸವನ್ನೂ ಹೇರುವ ಜನ ಅವರಲ್ಲ. ತಿಂಗಳಿಗೊಮ್ಮೆ ಕರೆದು ಕೂರಿಸಿಕೊಂಡು ಮಾತಾಡಿಸುತ್ತಿದ್ದರು.

ತೊಂದರೆ ಇದ್ದದ್ದು ಆ ಮಾತುಕತೆಗೆ ನಾನು ಹೋಗುತ್ತಿದ್ದ ರೀತಿಯಲ್ಲಿ. ಹಿಂದಿನ ದಿನವೇ ಕೂತು, ಆ ತಿಂಗಳು ಏನೇನು ಮುಗಿಸಿದೆ ಅಂತ ಪಟ್ಟಿ ಮಾಡಿಕೊಳ್ಳುತ್ತಿದ್ದೆ. "ಹೇಗೆ ನಡೀತಿದೆ?" ಅಂದರೆ "ಚೆನ್ನಾಗಿದೆ ಸರ್". ವರ್ಷದ ಕೊನೆಗೆ ನನ್ನ ಬಗ್ಗೆ ವರದಿ ಬರೆಯುವವರು ಅವರು. ಪ್ರೊಬೇಷನ್ ಮುಗಿದ ಮೇಲೆ ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಅಂತ ಕೂರುವ ಕಮಿಟಿಯಲ್ಲೂ ಅವರು ಇರುತ್ತಾರೆ. ಹಾಗಿದ್ದಮೇಲೆ ನನಗೆ ಗೊತ್ತಿಲ್ಲದ್ದನ್ನು ಅವರ ಮುಂದೆ ಬಿಚ್ಚಿಡುವುದು ಹೇಗೆ? ಪ್ರತಿ ತಿಂಗಳೂ ನಾನು ಅವರಿಗೆ ವರದಿ ಒಪ್ಪಿಸಿ ಬಂದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇದರಿಂದ ನಾನು ಕಳೆದುಕೊಂಡದ್ದು ಒಂದು ಪೇಪರ್. ಪಿಎಚ್‌ಡಿ ಗೈಡ್ ಹೆಸರಿಲ್ಲದೆ ನಾನೊಬ್ಬನೇ ಬರೆದ ಮೊದಲ ಪೇಪರ್ ಅದು. ನಮ್ಮ ಕ್ಷೇತ್ರದ ಒಳ್ಳೆಯ ಜರ್ನಲ್‌ಗೆ ಕಳಿಸಿ ಕಾದೆ. ತಿಂಗಳುಗಳಾದ ಮೇಲೆ ಎಡಿಟರ್‌ ಪತ್ರ ಬಂತು. ಮೊದಲ ಪ್ಯಾರಾದಲ್ಲೇ, ಈಗಿರುವ ರೂಪದಲ್ಲಿ ಈ ಲೇಖನವನ್ನು ಪ್ರಕಟಿಸಲಾಗದು ಅಂತ ಇತ್ತು. ಕೆಳಗೆ ಇಬ್ಬರು ರಿವ್ಯೂವರ್‌ಗಳ, ಅಂದರೆ ಜರ್ನಲ್ ಪರವಾಗಿ ಪೇಪರ್ ಓದಿ ಅಭಿಪ್ರಾಯ ಹೇಳುವ ತಜ್ಞರ, ಟಿಪ್ಪಣಿ. ಎರಡನೆಯವರು ನಿಷ್ಠುರವಾಗಿ ಬರೆದಿದ್ದರು: ನೀವು ಬಳಸಿದ ವಿಧಾನದಿಂದ ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ, ವಿಶ್ಲೇಷಣೆಯನ್ನು ಮತ್ತೆ ಮಾಡಿ, ಮೂರನೇ ಭಾಗವನ್ನು ಪೂರ್ತಿ ತಿರುಗಿ ಬರೆಯಿರಿ. ಪತ್ರದ ಕೊನೆಯಲ್ಲಿ ಎಡಿಟರ್ ಇನ್ನೊಂದು ಮಾತು ಸೇರಿಸಿದ್ದರು. ರಿವ್ಯೂವರ್‌ಗಳ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟು, ಇಂಥ ತಾರೀಕಿನೊಳಗೆ ತಿದ್ದಿದ ಪ್ರತಿ ಕಳಿಸಿದರೆ ಮತ್ತೆ ಪರಿಶೀಲಿಸುತ್ತೇವೆ ಅಂತ.

ನಾನು ಮೊದಲ ಪ್ಯಾರಾ ಓದಿದೆ, ಎರಡನೇ ರಿವ್ಯೂವರ್ ಟಿಪ್ಪಣಿ ಓದಿದೆ, ಪೇಪರ್ ತಿರಸ್ಕೃತವಾಯಿತು ಅಂದುಕೊಂಡು ಪತ್ರವನ್ನು ಮುಚ್ಚಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಬರೀ ಅವಸರದ ಓದಲ್ಲ. ಪಿಎಚ್‌ಡಿ ಕಾಲದಲ್ಲಿ ಜರ್ನಲ್‌ಗಳ ಪತ್ರವೆಲ್ಲ ಬರುತ್ತಿದ್ದದ್ದು ನನ್ನ ಗೈಡ್‌ಗೆ. ಅವರು ಅದನ್ನು ಓದಿ, ಬೈಗುಳದಂಥದ್ದನ್ನೆಲ್ಲ ಸೋಸಿ, "ಈ ಟೇಬಲ್ ತಿದ್ದು, ಇಲ್ಲಿ ಒಂದು ಪ್ಯಾರಾ ಸೇರಿಸು" ಅಂತ ನನಗೆ ಕೊಡುತ್ತಿದ್ದರು. ಪ್ರೀತಿಯಿಂದಲೇ ಹಾಗೆ ಮಾಡಿದರು. ಆದರೆ ಅದರಿಂದಾಗಿ ಒಂದು ಸಾಮಾನ್ಯ ಮೇಜರ್ ರಿವಿಷನ್ ಪತ್ರ, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅನ್ನುವ ಪತ್ರ, ಹೇಗಿರುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿರಲೇ ಇಲ್ಲ. 'ಈಗಿರುವ ರೂಪದಲ್ಲಿ ಆಗದು' ಅನ್ನುವುದು ಎಡಿಟರ್‌ಗಳು ಎಷ್ಟೋ ಪತ್ರಗಳಲ್ಲಿ ಬರೆಯುವ ಮಾಮೂಲಿ ಸಾಲು. ಒಳ್ಳೆಯ ಜರ್ನಲ್‌ನಲ್ಲಿ ಮೊದಲ ಸುತ್ತಿಗೇ ಏನೂ ತಿದ್ದದೆ ಪೇಪರ್ ಒಪ್ಪಿಗೆಯಾಗುವುದು ಬಹಳ ಅಪರೂಪ. ವಿಶ್ಲೇಷಣೆ ಹೀಗೆ ಮಾಡಿ, ಈ ಭಾಗ ಹೀಗೆ ಬರೆಯಿರಿ ಅಂತ ರಿವ್ಯೂವರ್ ಇಷ್ಟುದ್ದ ಹೇಳಿದ್ದಾರೆ ಅಂದರೆ ಅವರು ನನ್ನ ಪೇಪರನ್ನು ಗಂಭೀರವಾಗಿ ಓದಿದ್ದಾರೆ ಅಂತ. ನಾಲ್ಕಾರು ಪೇಪರ್ ಪ್ರಕಟಿಸಿದ ಯಾರಿಗೆ ತೋರಿಸಿದ್ದರೂ ಎರಡು ನಿಮಿಷದಲ್ಲಿ ಇದನ್ನು ಹೇಳುತ್ತಿದ್ದರು. ನನ್ನ ಎಚ್‌ಒಡಿ ಸ್ವತಃ ಒಂದು ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿದ್ದರು! ಅಂಥ ಪತ್ರಗಳನ್ನು ಅವರೇ ಬರೆಯುತ್ತಿದ್ದರು.

ಅವರಿಗೆ ತೋರಿಸಲಿಲ್ಲ. ಆ ರಿವ್ಯೂವರ್‌ನ ಮಾತುಗಳನ್ನು ಓದಿದರೆ ಕಾಯಂ ಮಾಡುವ ಹೊತ್ತಿಗೆ ಅವೇ ನೆನಪಿಗೆ ಬರುತ್ತವೆ ಅಂತ ಲೆಕ್ಕ ಹಾಕಿದೆ. ಮುಂದಿನ ಭೇಟಿಯಲ್ಲಿ ಪೇಪರ್ ಏನಾಯಿತು ಅಂತ ಕೇಳಿದಾಗ "ಇನ್ನೂ ರಿವ್ಯೂನಲ್ಲಿದೆ ಸರ್" ಅಂದೆ. ಒಮ್ಮೆ ಹಾಗಂದ ಮೇಲೆ ಆ ಪತ್ರವನ್ನು ಅವರ ಮುಂದೆ ಹೊರಗೆ ತೆಗೆಯುವ ದಾರಿಯೂ ಮುಚ್ಚಿಹೋಯಿತು. ಎಡಿಟರ್ ಕೊಟ್ಟ ಗಡುವು ದಾಟಿತು.

ಅದಾದ ಎಷ್ಟೋ ಕಾಲದ ಮೇಲೆ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರು, ನನಗಿಂತ ಸ್ವಲ್ಪ ಮೊದಲು ಸೇರಿದ್ದವರು, ತಮ್ಮ ಪೇಪರ್ ತಿರಸ್ಕೃತವಾದ ಕಥೆ ಹೇಳುತ್ತಿದ್ದರು. ಸಂಕೋಚ ಬಿಟ್ಟು ನನ್ನ ಪತ್ರವನ್ನೂ ತೋರಿಸಿದೆ. ಕೊನೆಯವರೆಗೆ ಓದಿ, "ಇದಕ್ಕೆ ಉತ್ತರ ಬರೆದ್ರಾ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿದಾಗಲೇ ನನಗೆ ಗೊತ್ತಾದದ್ದು, ಅದು ಉತ್ತರ ಬರೆಯಬೇಕಾದ ಪತ್ರ ಅಂತ. ಎಡಿಟರ್‌ಗೆ ಬರೆದೆ. ಹೊಸ ಲೇಖನವಾಗಿಯೇ ಕಳಿಸಬೇಕು ಅಂದರು, ಹೊಸ ರಿವ್ಯೂವರ್‌ಗಳು ಬಂದರು, ಅಲ್ಲಿ ನಿಜವಾಗಿಯೂ ತಿರಸ್ಕೃತವಾಯಿತು. ಕೊನೆಗೆ ಬೇರೆ ಕಡೆ ಬಂತು. ಅಷ್ಟರಲ್ಲಿ ಕಮಿಟಿ ಕೂತು, ಸ್ವತಂತ್ರ ಕೆಲಸ ಕಾಣುತ್ತಿಲ್ಲ ಅಂತ ನನ್ನ ಪ್ರೊಬೇಷನ್ ಮುಂದುವರಿಸಿತ್ತು. ಹೊಸ ಅಧ್ಯಾಪಕರ ಸಂಶೋಧನಾ ಅನುದಾನಗಳಿಗೆ ಪಿಎಚ್‌ಡಿ ಮುಗಿದು ಇಷ್ಟು ವರ್ಷದೊಳಗೆ ಅನ್ನುವ ಮಿತಿ ಇರುತ್ತದಲ್ಲ, ನಾನು ಕಣ್ಣಿಟ್ಟಿದ್ದ ಒಂದು ಅನುದಾನದ ಮಿತಿಯೂ ದಾಟಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಚ್‌ಒಡಿಯೋ ಹಿರಿಯ ಪ್ರೊಫೆಸರೋ ಅನ್ನುವ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಪ್ರಮೋಷನ್ ಬಂದಾಗ ಇಬ್ಬರ ಅಭಿಪ್ರಾಯವೂ ಲೆಕ್ಕಕ್ಕೆ ಬರುತ್ತದೆ. ಒಬ್ಬರ ಬದಲು ಇನ್ನೊಬ್ಬರ ಮುಂದೆ "ಚೆನ್ನಾಗಿದೆ ಸರ್" ಅನ್ನುತ್ತೀರಿ, ಅಷ್ಟೇ. ಎಲ್ಲವನ್ನೂ ಒಬ್ಬರಿಂದಲೇ ಕಲಿಯಬೇಕು, ಒಬ್ಬ ಗುರು ಸಿಕ್ಕರೆ ಸಾಕು ಅನ್ನುವ ನಂಬಿಕೆಯಿಂದಲೇ ಈ ಪ್ರಶ್ನೆ ಹುಟ್ಟಿದೆ. ನಾನೂ ಹಾಗೇ ನಂಬಿದ್ದೆ.

ಉದ್ಯೋಗದಲ್ಲಿ ಹಿರಿಯರು ಕಿರಿಯರಿಗೆ ನಿಜವಾಗಿ ಏನು ಮಾಡುತ್ತಾರೆ ಅಂತ ಅಧ್ಯಯನ ಮಾಡಿದ ಕ್ಯಾಥಿ ಕ್ರಾಮ್ 1980ರ ದಶಕದಲ್ಲೇ ಆ ಸಹಾಯವನ್ನು ಎರಡಾಗಿ ವಿಂಗಡಿಸಿದ್ದರು. ಒಂದು, ಅವಕಾಶ ಕೊಡಿಸುವುದು, ಪರಿಚಯ ಮಾಡಿಸುವುದು, ಬೇಡದ ಕೆಲಸದಿಂದ ಕಾಪಾಡುವುದು. ಇನ್ನೊಂದು, ಕೇಳಿಸಿಕೊಳ್ಳುವುದು, ಧೈರ್ಯ ಹೇಳುವುದು, ನೀವು ಹೇಗಿದ್ದೀರೋ ಹಾಗೆ ಒಪ್ಪಿಕೊಳ್ಳುವುದು. ಮೊದಲನೆಯದಕ್ಕೆ ಅಧಿಕಾರ ಬೇಕು. ಎರಡನೆಯದಕ್ಕೆ ಆ ಅಧಿಕಾರವೇ ಅಡ್ಡ ಬರುತ್ತದೆ ಅನ್ನುವುದು ನನ್ನ ಅನುಭವ. 1985ರಲ್ಲಿ ಕ್ರಾಮ್ ಮತ್ತು ಲಿನ್ ಇಸಬೆಲ್ಲಾ ಸೇರಿ ಬರೆದ ಲೇಖನ, ಸಮಾನರಾದ ಸಹೋದ್ಯೋಗಿಗಳೂ ಈ ಸಹಾಯವನ್ನು ಹೇಗೆ ಕೊಡಬಲ್ಲರು ಅನ್ನುವುದನ್ನು ತೋರಿಸಿತು. ನನ್ನ ಪತ್ರವನ್ನು ಕೊನೆಯವರೆಗೆ ಓದಿದವರೂ ಅಂಥ ಒಬ್ಬ ಸಹೋದ್ಯೋಗಿಯೇ.

ವಿಭಾಗದಾಚೆಯ ಕಣ್ಣಿನಿಂದ ಎಷ್ಟು ಲಾಭ ಅನ್ನುವುದಕ್ಕೆ ಅಳೆದು ನೋಡಿದ ಪುರಾವೆಯೂ ಇದೆ. 2004ರಲ್ಲಿ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ಮಹಿಳಾ ಅಸಿಸ್ಟೆಂಟ್ ಪ್ರೊಫೆಸರ್‌ಗಳಿಗಾಗಿ ಒಂದು ಕಾರ್ಯಾಗಾರ ಶುರು ಮಾಡಿತು. ಅರ್ಜಿ ಹಾಕಿದವರಲ್ಲಿ ಯಾರಿಗೆ ಸೀಟು ಅನ್ನುವುದನ್ನು ಯಾದೃಚ್ಛಿಕವಾಗಿ ಆರಿಸಿದ್ದರಿಂದ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಲು ಸಾಧ್ಯವಾಯಿತು. ಒಂದೇ ಸಂಶೋಧನಾ ಕ್ಷೇತ್ರದವರ ಸಣ್ಣ ಗುಂಪು, ಜೊತೆಗೆ ಹಿರಿಯರು, ಒಬ್ಬರ ಕೆಲಸವನ್ನು ಇನ್ನೊಬ್ಬರು ಓದಿ ಚರ್ಚಿಸುವುದು. ಐದು ವರ್ಷದ ನಂತರ ನೋಡಿದರೆ ಆ ಮೊದಲ ತಂಡದವರಿಗೆ ಸರಾಸರಿ 3 ಪ್ರಕಟಣೆ ಹೆಚ್ಚಿದ್ದವು, ಅಗ್ರ ಶ್ರೇಣಿಯ ಜರ್ನಲ್‌ನಲ್ಲಿ ಪ್ರಕಟಿಸುವ ಸಾಧ್ಯತೆ 25 ಶೇಕಡಾಂಶದಷ್ಟು ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕೆಲಸದಲ್ಲಿ ಗೊತ್ತಿಲ್ಲದೇ ಹೋಗುವ ಸಂಗತಿಗಳು ಬಹಳ ಸಣ್ಣವು, ಗೊತ್ತಿರುವವರಿಗೆ ಹೇಳಲು ಏನೂ ಕಷ್ಟವಿಲ್ಲದವು.

ಹಾಗಾಗಿ ನಿಮ್ಮ ಜೊತೆ ಸೇರಿದವರಲ್ಲಿ, ಬೇರೆ ವಿಭಾಗದವರಾದರೂ ಸರಿ, ಮೂರ್ನಾಲ್ಕು ಜನರನ್ನು ಹಿಡಿಯಿರಿ. ಎಡಿಟರ್ ಪತ್ರ, ವಿದ್ಯಾರ್ಥಿಗಳ ಫೀಡ್‌ಬ್ಯಾಕ್, ಕೈಬಿಟ್ಟ ಡ್ರಾಫ್ಟ್, ಎಲ್ಲವೂ ಮೇಜಿನ ಮೇಲೆ ಬರಲಿ. ನಿಮ್ಮ ಮೇಲೆ ಯಾವ ಕಮಿಟಿಯಲ್ಲೂ ಕೂರದ, ಬೇರೆ ಯೂನಿವರ್ಸಿಟಿಯ ಒಬ್ಬ ಹಿರಿಯರಿರಲಿ. ಅವರನ್ನು "ನನ್ನ ಮೆಂಟರ್ ಆಗ್ತೀರಾ ಮೇಡಂ" ಅಂತ ದಯವಿಟ್ಟು ಕೇಳಬೇಡಿ. ಅದು ಎಷ್ಟು ದೊಡ್ಡ ಹೊಣೆ ಅಂತ ಗೊತ್ತಾಗದೆ ಅವರು ಹಿಂದೆ ಸರಿಯುತ್ತಾರೆ. "ಈ ಎರಡು ಪುಟ ಓದಿ, ವಾದ ನಿಲ್ಲುತ್ತಾ ಹೇಳ್ತೀರಾ" ಅಂತ ಕೇಳಿ. ಓದಿದ ಮೇಲೆ ನೀವು ಏನು ತಿದ್ದಿದಿರಿ ಅಂತ ತಪ್ಪದೆ ತಿಳಿಸಿ. ಸಂಬಂಧ ಅಲ್ಲಿಂದ ತಾನೇ ಬೆಳೆಯುತ್ತದೆ. ಪಿಎಚ್‌ಡಿ ಗೈಡ್ ಹತ್ತಿರ ಮಾತಾಡಿ, ಆದರೆ ಮತ್ತೆ ಅವರ ಜೊತೆಯೇ ಪೇಪರ್ ಬರೆಯುತ್ತಾ ಕೂರಬೇಡಿ. ಕಮಿಟಿ ನೋಡುವುದು ನಿಮ್ಮದೇ ಕೆಲಸ ಯಾವುದು ಅಂತ.

ಬೇಡ ಅಂದರೆ ಎಚ್‌ಒಡಿ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಬರೆದಿದ್ದೀರಿ. ಬೇಡ ಅನ್ನಬೇಡಿ. "ಆಗಲಿ ಸರ್" ಅನ್ನಿ, ಅವರು ಮಾತ್ರ ಕೊಡಬಹುದಾದದ್ದನ್ನು ಅವರಿಂದ ಕೇಳಿ. ಟೈಮ್‌ಟೇಬಲ್‌ನಲ್ಲಿ ಒಂದು ಪೂರ್ತಿ ದಿನ ಬಿಡುವು, ಮೊದಲ ವರ್ಷಗಳಲ್ಲಿ ಪದೇ ಪದೇ ಹೊಸ ವಿಷಯ ಪಾಠ ಮಾಡುವುದರಿಂದ ವಿನಾಯಿತಿ, ಕಮಿಟಿ ಕೆಲಸಕ್ಕೆ ಒಂದು ಮಿತಿ. ನೀವು ಮಹಿಳೆಯಾಗಿದ್ದರೆ ಈ ಕೊನೆಯದನ್ನು ಬಿಡಲೇಬೇಡಿ. ಪ್ರಮೋಷನ್‌ಗೆ ಲೆಕ್ಕಕ್ಕೆ ಬಾರದ ಕೆಲಸಗಳನ್ನು ಮಹಿಳೆಯರಿಗೇ ಹೆಚ್ಚು ಹೇಳುತ್ತಾರೆ, ಅವರೇ ಹೆಚ್ಚು ಒಪ್ಪಿಕೊಳ್ಳುತ್ತಾರೆ ಅನ್ನುವುದನ್ನು ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಯೋಗಗಳಿಂದಲೇ ತೋರಿಸಿದ್ದಾರೆ.

ಎಲ್ಲಕ್ಕಿಂತ ಮೊದಲು, ನಿಮ್ಮನ್ನು ಕಾಯಂ ಮಾಡಲು ಯಾವುದನ್ನು ಎಷ್ಟು ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನುವುದನ್ನು ಬರಹದಲ್ಲಿ ಕೇಳಿ. ನಿಯಮದಲ್ಲೇ ಇದೆ ನೋಡಿಕೊಳ್ಳಿ ಅಂದರೆ, ಇತ್ತೀಚೆಗೆ ಕಾಯಂ ಆದವರೊಬ್ಬರ ಫೈಲ್ ನೋಡಬಹುದೇ ಅಂತ ಕೇಳಿ. ಕೊಡದಿದ್ದರೆ ನೇರವಾಗಿ ಆ ವ್ಯಕ್ತಿಯ ಹತ್ತಿರ ಹೋಗಿ. ನನ್ನನ್ನು ಕೇಳಿಕೊಂಡು ಬಂದ ಹೊಸಬರಿಗೆಲ್ಲ ನನ್ನ ಫೈಲನ್ನು ಹಾಗೇ ಕೊಟ್ಟಿದ್ದೇನೆ, ಪ್ರೊಬೇಷನ್ ಮುಂದುವರಿಸಿದ ಆದೇಶವನ್ನೂ ಸೇರಿಸಿ.